ನೆಲವೂ ಡೊಂಕಿರಬಹುದು

ಹೊಸ ಬಾಣಗಳನ್ನು ಬಳಸತೊಡಗಿದ ಮೊದಲ ವಾರದಲ್ಲೇ ಅವು ಗುರಿಯ ಎಡಕ್ಕೆ ಬೀಳುತ್ತಿರುವುದು ನನ್ನ ಗಮನಕ್ಕೆ ಬಂತು. ಆರರಲ್ಲಿ ಐದು ಎಡಕ್ಕೆ, ಇನ್ನೊಂದು ಎಲ್ಲಿಗೆ ಹೋದೀತೆಂದು ಮುಂಚಿತವಾಗಿ ಹೇಳುವಂತಿರಲಿಲ್ಲ. ನನ್ನದು 60 ಇಂಚು ಉದ್ದದ, ಒಂದೇ ತುಂಡಿನ ಮರದ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವಂಥದ್ದು. 28 ಇಂಚಿನ ಸೆಳೆತಕ್ಕೆ 40 ಪೌಂಡ್ ಬಲ ಎಂದು ಅದರ ಲಿಂಬಿನ, ಅಂದರೆ ಬಾಗುವ ತೋಳಿನ, ಮೇಲೆ ಬರೆದಿದೆ. ಗುರಿ ಹಿಡಿಯುವ ಸೈಟ್ ಇಲ್ಲ, ಅಲುಗಾಟ ತಗ್ಗಿಸುವ ಸ್ಟೆಬಿಲೈಸರ್ ಇಲ್ಲ; ಬಾಣ ಕೂರುವುದು ಹಿಡಿಯ ಮೇಲಿನ ಶೆಲ್ಫಿಗೆ ಅಂಟಿಸಿದ ಚರ್ಮದ ತುಂಡಿನ ಮೇಲೆ. ಇಷ್ಟು ಸರಳವಾದ ಸಾಧನದಲ್ಲಿ ಕೆಡುವುದಕ್ಕೆ ಏನಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಜೊತೆಗೆ ಅಭ್ಯಾಸ ಮಾಡುವವರಿಗೂ ಹಾಗೆಯೇ ಅನ್ನಿಸಿತು. ಬಲಗೈಯಿಂದ ಸೆಳೆಯುವವನು ಹೆದೆ ಬಿಡುವ ಕ್ಷಣದಲ್ಲಿ ಬೆರಳುಗಳನ್ನು ಮುಖದಿಂದ ಹೊರಕ್ಕೆ ಕಿತ್ತರೆ ಬಾಣ ಎಡಕ್ಕೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ಆದ್ದರಿಂದ ತಪ್ಪು ನನ್ನ ಕೈಯದೇ ಎಂಬ ತೀರ್ಮಾನ ಬೇಗನೆ ಆಗಿಹೋಯಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಗೆ ಹೆದರಿ ನಾನು ಮೂರು ವಾರ ಬಿಲ್ಲಿನ ಕಡೆಗೆ ತಿರುಗಿಯೂ ನೋಡಲಿಲ್ಲ. ದಿನವೂ ಬೆರಳು ತಿದ್ದಿದೆ, ಮೊಣಕೈ ತಿದ್ದಿದೆ, ಕನ್ನಡಿಯ ಮುಂದೆ ನಿಂತು ಬರಿಗೈಯಲ್ಲಿ ಸೆಳೆಯುವ ಅಭಿನಯ ಮಾಡಿದೆ. ಬಾಣಗಳು ಎಡಕ್ಕೇ ಹೋದವು. ಆ ಮೂರು ವಾರ ಪೂರ್ತಿ ವ್ಯರ್ಥವಾಯಿತೆನ್ನಲಾರೆ, ಆದರೆ ಮಾಡಬೇಕಾಗಿದ್ದ ಕೆಲಸ ಬೇರೆಯಿತ್ತು. ಬಿಟ್ಟ ಬಾಣ ಎಲ್ಲಿ ನೆಟ್ಟಿತೋ ಅಲ್ಲಿ ಬಿಲ್ಲಿನ ಲೆಕ್ಕವೂ ನನ್ನ ಲೆಕ್ಕವೂ ಕಲಸಿಹೋಗಿರುತ್ತವೆ. ಮೊದಲು ಆ ಎರಡನ್ನು ಬೇರೆ ಮಾಡಿಕೊಳ್ಳದೆ ಯಾವುದನ್ನು ತಿದ್ದಲು ಹೊರಟರೂ ಅದು ಕತ್ತಲಲ್ಲಿ ತಡಕಾಡಿದಂತೆಯೇ.

ಬೇರೆ ಮಾಡುವ ಉಪಾಯ ಹೊಸದೇನಲ್ಲ. ಬಾಣಗಳು ಗುರಿಯಿಂದ ದೂರ ಬಿದ್ದರೂ ಒಂದರ ಪಕ್ಕ ಒಂದು ಗೊಂಚಲಾಗಿ ಬೀಳುತ್ತಿದ್ದರೆ ಕೈ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿದೆ ಎಂದರ್ಥ. ಆಗ ಬಿಲ್ಲು ಅಥವಾ ಬಾಣದ ಹೊಂದಾಣಿಕೆಯನ್ನು ಅನುಮಾನಿಸಬಹುದು. ಹಲಗೆಯ ತುಂಬ ಚೆದುರಿದರೆ ಮೊದಲ ಅನುಮಾನ ಬಿಲ್ಲುಗಾರನ ಮೇಲೆ. ಈ ಸೂತ್ರ ಹೇಳುವುದಕ್ಕೆ ಸುಲಭವಾದರೂ ಪೂರ್ತಿ ನಂಬುವಂಥದ್ದಲ್ಲ, ಏಕೆಂದರೆ ಹೊಂದಾಣಿಕೆ ಕೆಟ್ಟ ಬಿಲ್ಲು ಕೈಯ ಸಣ್ಣ ತಪ್ಪನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಒಳ್ಳೆಯ ಹೊಂದಾಣಿಕೆಯ ಬಿಲ್ಲಿನಲ್ಲಿ ಎರಡು ಬೆರಳಗಲ ತಪ್ಪಿಸುವ ರಿಲೀಸ್ (ಹೆದೆ ಬಿಡುವ ರೀತಿ), ಕೆಟ್ಟ ಹೊಂದಾಣಿಕೆಯಲ್ಲಿ ಅಂಗೈಯಗಲ ತಪ್ಪಿಸುತ್ತದೆ. ಹೀಗಾಗಿ ಚೆದುರಿಕೆಯೆಲ್ಲವೂ ಮನುಷ್ಯನದೇ ಎಂದು ಬರೆದುಕೊಳ್ಳುವುದೂ ತಪ್ಪಾಗುತ್ತದೆ.

ನಾನು ಮೊದಲು ಮಾಡಿದ ಬುದ್ಧಿವಂತಿಕೆಯ ಕೆಲಸವೆಂದರೆ ಬಾಣಗಳಿಗೆ ಅಂಕಿ ಬರೆದದ್ದು. ಒಂದರಿಂದ ಆರರವರೆಗೆ, ಬಾಣದ ಬಾಲದಲ್ಲಿ ಹೆದೆ ಕೂರುವ ಕಚ್ಚಾದ ನಾಕಿನ ಹತ್ತಿರ, ಶಾಯಿಯ ಪೆನ್ನಿನಿಂದ. ಐದು ದಿನ, ದಿನಕ್ಕೆ ಆರು ಸುತ್ತು, 10 ಮೀಟರ್ ದೂರದಿಂದ ಹೊಡೆದು ಪ್ರತಿ ಅಂಕಿಯ ಬಾಣ ಎಲ್ಲಿ ಬಿತ್ತೆಂದು ಒಂದು ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಟ್ಟೆ. ಎರಡನೆಯ ದಿನದ ಹೊತ್ತಿಗೆ ಎಲ್ಲಿಗೆ ಹೋದೀತೆಂದು ಹೇಳಲಾಗದ ಬಾಣ ಯಾವಾಗಲೂ ನಾಲ್ಕನೆಯದೇ ಎಂದು ತಿಳಿಯಿತು. ಅದನ್ನು ಅಂಗೈಯಲ್ಲಿ ಮೊನೆಯೂರಿ ಬುಗುರಿಯಂತೆ ತಿರುಗಿಸಿದಾಗ ಉಳಿದವು ನಿಶ್ಚಲವಾಗಿ ಸುತ್ತಿದರೆ ಇದು ನಡುಗಿತು. ನಾಕ್ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಹೆದೆ ಬಾಣವನ್ನು ತಳ್ಳುವುದು ಆ ಒಂದು ಸಣ್ಣ ಕಚ್ಚಿನ ಮೂಲಕವೇ ಆದ್ದರಿಂದ ಅಲ್ಲಿಯ ಓರೆ ಬಾಣದ ಇಡೀ ಪ್ರಯಾಣದಲ್ಲಿ ಉಳಿಯುತ್ತದೆ. ನಾಕ್ ಬದಲಿಸಿದೆ, ನಾಲ್ಕನೆಯದು ಉಳಿದವರ ಜೊತೆ ಎಡಕ್ಕೆ ಹೋಗಿ ಕೂತಿತು. ನಾಕ್ ಹೆದೆಯನ್ನು ಎಷ್ಟು ಬಿಗಿಯಾಗಿ ಕಚ್ಚುತ್ತದೆ ಎಂಬುದನ್ನೂ ಆಗಲೇ ನೋಡಿದೆ. ಬಾಣವನ್ನು ಹೆದೆಗೆ ತೂಗುಬಿಟ್ಟರೆ ಅದು ತಾನಾಗಿ ಬೀಳಬಾರದು, ಹೆದೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬೀಳಬೇಕು. ಅದಕ್ಕಿಂತ ಬಿಗಿಯಾದರೆ ಬಾಣ ಹೆದೆಯನ್ನು ಬಿಡುವಾಗ ತಡವರಿಸುತ್ತದೆ. ತೀರ ಸಡಿಲವಾದರೆ ಹೆದೆಯಿಂದ ಜಾರಿ, ಬಾಣವೇ ಇಲ್ಲದೆ ಬಿಲ್ಲನ್ನು ಬಿಟ್ಟಂತಾಗಬಹುದು. ಬರಿಬಿಲ್ಲನ್ನು ಸೆಳೆದು ಬಿಟ್ಟರೆ ಲಿಂಬಿನ ಶಕ್ತಿಗೆ ಹೋಗಲು ದಾರಿಯಿಲ್ಲದೆ ಬಿಲ್ಲೇ ಸೀಳಬಹುದು ಎಂಬುದನ್ನು ಇಲ್ಲಿ ಬಿಡದೆ ಹೇಳಬೇಕು.

ಈಗ ಆರೂ ಬಾಣಗಳು ಎಡಕ್ಕೆ ಬೀಳುತ್ತಿದ್ದವು. ಅಂದರೆ ನನ್ನ ಬೆರಳಿನ ಮೇಲಿನ ಆರೋಪಕ್ಕೆ ಮೊದಲ ಬಾರಿ ಒಂದು ಎದುರುವಾದ ಸಿಕ್ಕಿತ್ತು: ಕೈ ತಪ್ಪುವುದಾದರೆ ದಿನವೂ, ಪ್ರತಿ ಸಲವೂ ಅಷ್ಟೇ ತಪ್ಪುವುದು ಅಪರೂಪ.

ಬಿಲ್ಲಿನ ಕಡೆಗೆ ತಿರುಗಿದಾಗ ನೋಡಬೇಕಾದ ಮೊದಲ ಅಳತೆ ಬ್ರೇಸ್ ಹೈಟ್, ಅಂದರೆ ಹೆದೆಯೇರಿಸಿದ ಬಿಲ್ಲಿನಲ್ಲಿ ಹಿಡಿಯ ಅತ್ಯಂತ ಆಳದ ಜಾಗದಿಂದ ಹೆದೆಗೆ ಇರುವ ದೂರ. ಈ ಉದ್ದದ ರಿಕರ್ವ್‌ಗಳಿಗೆ ಅದು ಸಾಮಾನ್ಯವಾಗಿ ಏಳೂಕಾಲರಿಂದ ಎಂಟು ಇಂಚಿನ ಆಸುಪಾಸಿನಲ್ಲಿರುತ್ತದೆ. ತಯಾರಕರು ಹೇಳಿದ ಅಳತೆಯೇ ಮೊದಲ ಪ್ರಮಾಣ. ನನ್ನ ನೋಟ್‌ಬುಕ್ಕಿನಲ್ಲಿ ಏಳೂಮುಕ್ಕಾಲು ಎಂದಿತ್ತು, ಅಳೆದಾಗ ಏಳೇ ಇಂಚು. ಹಿಂದಿನ ತಿಂಗಳು ಹಾಕಿದ ಡೇಕ್ರಾನ್ ಹೆದೆ ಬಳಕೆಯಲ್ಲಿ ಹಿಗ್ಗಿತ್ತು. ಡೇಕ್ರಾನ್ ಹಿಗ್ಗುವ ನೂಲು. ಆ ಗುಣದಿಂದಲೇ ಹಳೆಯ ಬಿಲ್ಲುಗಳ ತುದಿಗಳಿಗೆ ಪೆಟ್ಟು ಕಡಿಮೆ, ಆ ಗುಣದಿಂದಲೇ ಹೊಸದರಲ್ಲಿ ಪದೇ ಪದೇ ಅಳೆಯಬೇಕು. ಹೆದೆಗೆ ಹುರಿ ಹೆಚ್ಚಿಸಿದರೆ ಅದು ಗಿಡ್ಡವಾಗಿ ಬ್ರೇಸ್ ಹೈಟ್ ಏರುತ್ತದೆ, ಹುರಿ ಬಿಚ್ಚಿದರೆ ಇಳಿಯುತ್ತದೆ. ನಾಲ್ಕು ನಾಲ್ಕು ಸುತ್ತು ಹುರಿ ಹಾಕುತ್ತ, ಪ್ರತಿ ಸಲವೂ ಹೆದೆಯೇರಿಸಿ ಮೂರು ಮೂರು ಬಾಣ ಬಿಡುತ್ತ ಹೋದೆ.

ಇಲ್ಲಿ ಕಣ್ಣಿಗಿಂತ ಕಿವಿ ಹೆಚ್ಚು ಕೆಲಸ ಮಾಡುತ್ತದೆ. ಏಳು ಇಂಚಿನಲ್ಲಿ ಬಿಲ್ಲಿನ ಸದ್ದು ಒಡಕು ಪಾತ್ರೆಯದು, ಬಿಟ್ಟ ನಂತರವೂ ಹಿಡಿಯೊಳಗೆ ಜುಮ್ಮೆನ್ನುವ ನಡುಕ ಉಳಿಯುತ್ತಿತ್ತು, ಹೆದೆ ಮುಂಗೈಯ ಕಾಪಿಗೆ ಬಡಿಯುತ್ತಿತ್ತು. ಏಳೂವರೆ ದಾಟಿದ ಮೇಲೆ ಸದ್ದು ತೆಳುವಾಗುತ್ತ ಬಂದು, ಒಂದು ಹಂತದಲ್ಲಿ ಮೃದುವಾದ ಒಂದೇ 'ಧಪ್' ಆಯಿತು. ಇನ್ನೂ ಎಂಟು ಸುತ್ತು ಹೆಚ್ಚಿಸಿದಾಗ ಮತ್ತೆ ಕರ್ಕಶವಾಯಿತು. ಠೇಂಕಾರವನ್ನು ಕೊಂಡಾಡುವ ಕಾವ್ಯಗಳನ್ನು ಓದಿ ಬೆಳೆದ ನಮಗೆ ಬಿಲ್ಲು ಸದ್ದು ಮಾಡದಿರುವುದೇ ಒಳ್ಳೆಯದು ಎಂಬುದು ಸ್ವಲ್ಪ ನಿರಾಸೆಯ ವಿಷಯ, ಆದರೆ ಸದ್ದೆಂದರೆ ಬಾಣಕ್ಕೆ ದಕ್ಕದೆ ಸೋರಿಹೋದ ಶಕ್ತಿ. ಏಳು ಮುಕ್ಕಾಲಿಗೆ ಎರಡು ಸುತ್ತು ಮೇಲೆ ಬಿಲ್ಲು ಅತಿ ಮೌನವಾಗಿತ್ತು, ಅಲ್ಲಿಗೇ ನಿಲ್ಲಿಸಿದೆ. ಬ್ರೇಸ್ ಹೈಟ್ ಕಡಿಮೆಯಿದ್ದಷ್ಟೂ ಬಾಣ ಹೆದೆಯ ಜೊತೆ ಹೆಚ್ಚು ದೂರ ಸಾಗುತ್ತದೆ, ವೇಗ ಚೂರು ಹೆಚ್ಚುತ್ತದೆ, ಕೈಯ ತಪ್ಪು ಬಾಣಕ್ಕೆ ಅಂಟಿಕೊಳ್ಳಲು ಸಮಯವೂ ಹೆಚ್ಚು ಸಿಗುತ್ತದೆ. ಬಾಣಗಳ ಗೊಂಚಲು ಚಿಕ್ಕದಾಯಿತು, ಆದರೂ ಎಡದಲ್ಲೇ ಇತ್ತು.

ಆಮೇಲೆ ಗರಿಯಿಲ್ಲದ ಬಾಣದ ಪರೀಕ್ಷೆ. ಒಂದೇ ಉದ್ದದ, ಒಂದೇ ಮೊನೆಯ ಬಾಣಗಳಲ್ಲಿ ಮೂರಕ್ಕೆ ಗರಿ ಇರಲಿ, ಎರಡಕ್ಕೆ ಇರದಿರಲಿ. ಸುಮಾರು 15 ಮೀಟರಿನಿಂದ ಎರಡನ್ನೂ ಬಿಟ್ಟು ಎಲ್ಲೆಲ್ಲಿ ಬಿದ್ದವೆಂದು ನೋಡಬೇಕು. ಬಾಣ ಹೊರಡುವಾಗಿನ ಓರೆಯನ್ನು ಗರಿ ಗಾಳಿಯಲ್ಲಿ ತಿದ್ದಿಬಿಡುತ್ತದೆ. ಗರಿಯಿಲ್ಲದ್ದಕ್ಕೆ ತಿದ್ದುವವರಿಲ್ಲ, ಅದು ಓರೆಯಾಗಿ ಹೊರಟರೆ ಓರೆಯಾಗಿಯೇ ತೇಲಿಹೋಗುತ್ತದೆ. ಮೇಲೆ ಕೆಳಗಿನ ವ್ಯತ್ಯಾಸವನ್ನು ಮೊದಲು ಸರಿಪಡಿಸಬೇಕು. ಗರಿಯಿಲ್ಲದ್ದು ಕೆಳಗೆ ಬಿದ್ದರೆ ಹೆದೆಯ ಮೇಲಿನ ನಾಕಿಂಗ್ ಪಾಯಿಂಟ್, ಅಂದರೆ ಬಾಣ ಸಿಕ್ಕಿಸುವ ಜಾಗದ ಗುರುತು, ಎತ್ತರದಲ್ಲಿದೆ, ಮೇಲೆ ಬಿದ್ದರೆ ತಗ್ಗಿನಲ್ಲಿದೆ. ಶೆಲ್ಫಿನ ಮೇಲಿಂದಲೇ ಹೊಡೆಯುವವರು ಶೆಲ್ಫಿನಿಂದ ಹೆದೆಗೆ ಲಂಬವಾಗಿ ಬರುವ ಗೆರೆಯಿಂದ ಅರ್ಧ ಇಂಚು ಮೇಲೆ ಕಟ್ಟಿ ಆರಂಭಿಸುವುದು ವಾಡಿಕೆ; ಮೂರು ಬೆರಳನ್ನೂ ಬಾಣದ ಕೆಳಗಿಟ್ಟು ಸೆಳೆಯುವವರಿಗೆ ಇನ್ನೂ ಸ್ವಲ್ಪ ಎತ್ತರ ಬೇಕಾಗುತ್ತದೆ. ಬಹಳ ತಗ್ಗಿದ್ದರೆ ಬಾಣದ ಹಿಂಭಾಗ ಶೆಲ್ಫಿಗೆ ಬಡಿದು ಪುಟಿಯುತ್ತದೆ, ಆಗ ಫಲಿತಾಂಶ ತಲೆಕೆಳಗಾಗಿ ಪಾಯಿಂಟ್ ಎತ್ತರದಲ್ಲಿದೆ ಎಂಬಂತೆ ಕಾಣಬಹುದು. ಅದಕ್ಕಾಗಿ ಬೇಕೆಂತಲೇ ಹೆಚ್ಚು ಎತ್ತರದಲ್ಲಿ ಆರಂಭಿಸಿ ಇಳಿಸುತ್ತ ಬರುವುದು ಕ್ಷೇಮ. ನನ್ನದು ಒಂದು ದಾರದ ದಪ್ಪದಷ್ಟು ಇಳಿದಾಗ ಸರಿಹೋಯಿತು.

ಅಡ್ಡದ ವಿಷಯ ಇಷ್ಟು ಸಲೀಸಾಗಿರಲಿಲ್ಲ, ಮತ್ತು ನಾನು ಈ ಬರಹ ಬರೆಯಲು ಕಾರಣವೇ ಅದು.

ಹೆದೆ ಬಿಟ್ಟ ಕ್ಷಣ ಬಾಣ ನೇರವಾಗಿ ಹೋಗುವುದಿಲ್ಲ. ಹಿಂದಿನಿಂದ ಬಂದ ತಳ್ಳಾಟಕ್ಕೆ ನಡುವಿನಲ್ಲಿ ಬಳುಕಿ, ಬಿಲ್ಲಿನ ಹಿಡಿಯನ್ನು ಹಾವಿನಂತೆ ಬಳಸಿಕೊಂಡು ಮುಂದೆ ಹೋಗುತ್ತದೆ. ಕಳೆದ ಶತಮಾನದ ಮೊದಲರ್ಧದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ಅಮೆರಿಕದ ವಿಜ್ಞಾನಿ ಅತಿವೇಗದ ಕ್ಯಾಮೆರಾದಿಂದ ಇದನ್ನು ಚಿತ್ರೀಕರಿಸಿ ತೋರಿಸಿದ. ಬಾಣ ಎಷ್ಟು ಬಳುಕಬೇಕೋ ಅಷ್ಟೇ ಬಳುಕಿದರೆ ಅದರ ಬಾಲ ಬಿಲ್ಲಿಗೆ ತಾಗದೆ ದಾಟುತ್ತದೆ. ಈ ಬಳುಕಿನ ಅಳತೆಗೆ ಸ್ಪೈನ್ ಎನ್ನುತ್ತಾರೆ. ಇಂದಿನ ಕಾರ್ಬನ್ ಬಾಣಗಳಲ್ಲಿ, 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವಿಟ್ಟು ನಡುವೆ 1.94 ಪೌಂಡ್ ತೂಗುಬಿಟ್ಟಾಗ ಅದು ಎಷ್ಟು ಬಾಗುತ್ತದೆ ಎಂಬುದನ್ನು ಇಂಚಿನ ಸಾವಿರದ ಭಾಗಗಳಲ್ಲಿ ಬರೆಯುತ್ತಾರೆ. 500 ಎಂದರೆ ಅರ್ಧ ಇಂಚು ಬಾಗುವ ಬಾಣ, 700 ಅದಕ್ಕಿಂತ ಮೆದು. ಹಾಗಾಗಿ ಅಂಕಿ ದೊಡ್ಡದಾದಷ್ಟೂ ಬಾಣ ಮೆದು ಎಂಬ ಉಲ್ಟಾ ಲೆಕ್ಕವನ್ನು ಹೊಸಬರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಆದರೆ ಬಿಲ್ಲಿನಲ್ಲಿ ಅದೇ ಬಾಣ ಎಷ್ಟು ಮೆದುವಾಗಿ ನಡೆದುಕೊಳ್ಳುತ್ತದೆ ಎಂಬುದು ಈ ಅಂಕಿಯೊಂದರಿಂದ ತೀರ್ಮಾನವಾಗುವುದಿಲ್ಲ. ಉದ್ದ ಹೆಚ್ಚಿದರೆ, ಮೊನೆಯ ತೂಕ ಹೆಚ್ಚಿದರೆ, ಬಿಲ್ಲಿನ ಸೆಳೆತ ಹೆಚ್ಚಿದರೆ ಬಾಣ ಮೆದುವಾಗಿ ವರ್ತಿಸುತ್ತದೆ. ಬಾಣದ ಪಕ್ಕ ತಾಗುವ ಚರ್ಮದ ಪಟ್ಟಿಯನ್ನು ದಪ್ಪ ಮಾಡಿದರೆ ಗಡುಸಾಗಿ ವರ್ತಿಸುತ್ತದೆ. ಬಲಗೈಯವರಿಗೆ ಗರಿಯಿಲ್ಲದ ಬಾಣ ಗರಿಯುಳ್ಳವುಗಳ ಎಡಕ್ಕೆ ಬಿದ್ದರೆ ಗಡುಸು, ಬಲಕ್ಕೆ ಬಿದ್ದರೆ ಮೆದು. ಎಡಗೈಯವರಿಗೆ ಇದು ತಿರುಗುಮುರುಗು.

ನನ್ನ ಗರಿಯಿಲ್ಲದ ಬಾಣಗಳು ಎಡಕ್ಕೆ, ಒಂದು ಗೇಣು ಎಡಕ್ಕೆ ಬಿದ್ದವು. ನಿಯಮದ ಪ್ರಕಾರ ಗಡುಸು. ನನ್ನವು 700 ಸ್ಪೈನಿನವು, 31 ಇಂಚು ಉದ್ದಕ್ಕೆ ಕತ್ತರಿಸದೆ ಬಿಟ್ಟವು, ಮೊನೆ 150 ಗ್ರೇನ್ (ಬಾಣದ ತೂಕ ಹೇಳುವ ಸಣ್ಣ ಮಾನ). ಮೊನೆಯನ್ನು 175 ಮಾಡಿದೆ, ಇನ್ನಷ್ಟು ಎಡಕ್ಕೆ ಹೋಯಿತು. 200 ಮಾಡಿದೆ, ಹಲಗೆಯ ಅಂಚಿಗೆ ಹೋಗಿ ನೆಟ್ಟಿತು. ಒಂದು ವಾರ ನಾನು ಇನ್ನೂ ಮೆದುವಾದ ಬಾಣಗಳನ್ನು ಎಲ್ಲಿ ಕೊಳ್ಳಲಿ ಎಂದು ಹುಡುಕುತ್ತಿದ್ದೆ. ಮೆದು ಮಾಡಿದಷ್ಟೂ ಗಡುಸು ಹೆಚ್ಚುತ್ತಿರುವುದರಲ್ಲಿ ಏನೋ ವಿಚಿತ್ರವಿದೆ ಎಂದು ಆ ಇಡೀ ವಾರ ನನಗೆ ಹೊಳೆಯಲಿಲ್ಲವೆಂಬುದನ್ನು ಈಗ ನೆನೆದರೆ ನಗು ಬರುತ್ತದೆ. ಔಷಧ ಹೆಚ್ಚಿಸಿದಷ್ಟೂ ಕಾಯಿಲೆ ಬೆಳೆದರೆ ವೈದ್ಯನಾದವನು ಔಷಧವನ್ನೇ ಸಂಶಯಿಸುತ್ತಿದ್ದ.

ಸುಳಿವು ಕೊಟ್ಟದ್ದು ಒಂದು ಗೀರು. ಸಂಜೆ ಬಾಣಗಳನ್ನು ಒರೆಸುವಾಗ ಗರಿಯಿಲ್ಲದ ಬಾಣದ ಮೈಮೇಲೆ, ನಾಕಿನಿಂದ ಮೂರು ಬೆರಳು ಮುಂದೆ, ಬೂದು ಬಣ್ಣದ ಒಂದು ಸವಕಲು ಗುರುತು ಕಂಡಿತು. ಮರುದಿನ ಬಿಲ್ಲಿನ ಪಕ್ಕದ ಚರ್ಮದ ಪಟ್ಟಿಗೆ ಪೌಡರ್ ತೆಳುವಾಗಿ ಹಚ್ಚಿ ಒಂದೇ ಒಂದು ಬಾಣ ಬಿಟ್ಟೆ. ಬಾಣ ಹೊರಡುವಾಗ ಮುಂದಿನ ಭಾಗ ಪಟ್ಟಿಗೆ ಒತ್ತುವುದು ಸಹಜ, ಅದರ ಗುರುತು ಇರಲೇಬೇಕು, ಇತ್ತು ಕೂಡ. ಆದರೆ ಪಟ್ಟಿಯ ಹೊರ ಅಂಚಿನಲ್ಲಿ, ಪೌಡರ್ ಪೂರ್ತಿ ಉದುರಿಹೋಗಿ ಚರ್ಮದ ಬಣ್ಣ ಕಾಣುವಂತೆ, ಉಗುರಿನಷ್ಟು ಅಗಲದ ಇನ್ನೊಂದು ಬೋಳು ಜಾಗವಿತ್ತು. ಬಾಣದ ಬಾಲವನ್ನು ನೋಡಿದರೆ ಅದೇ ಸವಕಲು ಗುರುತಿನ ಮೇಲೆ ಬಿಳಿ ಪುಡಿ ಮೆತ್ತಿತ್ತು. ಬಾಣ ಗಡುಸಾಗಿರಲಿಲ್ಲ, ಅತಿ ಮೆದುವಾಗಿತ್ತು. ಎಷ್ಟು ಮೆದುವೆಂದರೆ ಬಳುಕು ಮುಗಿಯುವ ಮುಂಚೆಯೇ ಅದರ ಹಿಂಭಾಗ ಬಿಲ್ಲಿಗೆ ಬಡಿದು ಬಾಣವನ್ನೇ ಎಡಕ್ಕೆ ಒದೆಯುತ್ತಿತ್ತು. ಬಿಡುವಾಗ ಕೇಳುತ್ತಿದ್ದ 'ಟಕ್' ಶಬ್ದವನ್ನು ನಾನು ಹೆದೆಯದೆಂದು ತಿಳಿದಿದ್ದೆ.

ಮೊನೆಯನ್ನು ಒಮ್ಮೆಲೇ 100 ಗ್ರೇನಿಗೆ ಇಳಿಸಿದೆ. ಮೊದಲ ಗರಿಯಿಲ್ಲದ ಬಾಣ ಎಡದಿಂದ ಹಾರಿ ಬಲಕ್ಕೆ ಬಿತ್ತು, ಒಂದೂವರೆ ಗೇಣು ಬಲಕ್ಕೆ. ನೋಡುವವರಿಗೆ ಇದು ಪರಿಸ್ಥಿತಿ ಕೆಟ್ಟಂತೆ ಕಾಣಬಹುದು, ನನಗೆ ಅದು ವಾರಗಳ ನಂತರ ಸಿಕ್ಕ ಮೊದಲ ನಿಜವಾದ ಉತ್ತರವಾಗಿತ್ತು: ಬಡಿತ ನಿಂತಿದೆ, ಈಗ ಬಾಣ ತಾನು ಮೆದುವೆಂದು ನೇರವಾಗಿ ಹೇಳುತ್ತಿದೆ. ಅಲ್ಲಿಂದ ಮುಂದೆ ಬಾಣವನ್ನು ಕಾಲು ಕಾಲು ಇಂಚು ಗಿಡ್ಡ ಮಾಡುತ್ತ ಬಂದೆ. ಮೊನೆ ಕೂರಿಸಲು ಆ ಕಡೆಗೆ ಅಂಟಿಸಿದ ಇನ್ಸರ್ಟ್ ಎಂಬ ತುಂಡನ್ನು ಕೀಳುವ ರಗಳೆ ತಪ್ಪಲಿ ಎಂದು ನಾಕಿನ ಕಡೆಯಿಂದ ಕತ್ತರಿಸಿದೆ. ಗರಿಯಿಲ್ಲದ ಬಾಣವಾದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ. ಕಾರ್ಬನ್ ಕತ್ತರಿಸಲು ಸಾಮಾನ್ಯ ಗರಗಸ ಬೇಡ, ಅದು ಎಳೆಗಳನ್ನು ಸೀಳುತ್ತದೆ, ತಿರುಗುವ ಅರೆಯುವ ಚಕ್ರ ಬೇಕು, ಮೂಗಿಗೆ ಮಾಸ್ಕ್ ಬೇಕು. ಒಂದೂವರೆ ಇಂಚು ಹೋದ ಮೇಲೆ, 29 ಮತ್ತು 30ರ ನಡುವೆ, ಗರಿಯಿಲ್ಲದ್ದು ಗರಿಯುಳ್ಳವುಗಳಿಂದ ಎರಡು ಬೆರಳು ದೂರದಲ್ಲಿ, ಮೆದುವಿನ ಕಡೆಗೇ ಸ್ವಲ್ಪ ವಾಲಿಕೊಂಡು ನಿಂತಿತು. ಅದಕ್ಕಿಂತ ಹತ್ತಿರ ತರಲು ಹೋಗಲಿಲ್ಲ. ಗರಿ ಇರುವುದು ಕೆಲಸ ಮಾಡಲಿಕ್ಕಲ್ಲವೇ. ಬಾಣ ತೀರ ಹಗುರವಾಗದಂತೆ ಒಂದು ಲೆಕ್ಕ ಮಾತ್ರ ನೋಡಿಕೊಂಡೆ: ಸೆಳೆತದ ಪ್ರತಿ ಪೌಂಡಿಗೆ 8ರಿಂದ 10 ಗ್ರೇನಿನಷ್ಟಾದರೂ ಒಟ್ಟು ತೂಕವಿದ್ದರೆ ಇಂಥ ಬಿಲ್ಲಿಗೆ ಹಿತ.

ಈ ಅನುಭವದಿಂದ ನನ್ನ ಅಭ್ಯಾಸವೊಂದು ಬದಲಾಗಿದೆ. ಯಾವುದೇ ಫಲಿತಾಂಶವನ್ನು ನಂಬುವ ಮೊದಲು ಒಂದು ದೊಡ್ಡ ಬದಲಾವಣೆಯನ್ನು ಎರಡೂ ದಿಕ್ಕಿಗೆ ಮಾಡಿ ನೋಡುತ್ತೇನೆ. ಐದು ಗ್ರೇನ್ ಹೆಚ್ಚುಕಡಿಮೆ ಮಾಡಿದರೆ ಸಿಗುವುದು ಗೊಂದಲ. ಐವತ್ತು ಗ್ರೇನ್ ಮಾಡಿದರೆ ಬಾಣ ಯಾವ ಕಡೆಗೆ ನಡೆಯುತ್ತದೆ ಎಂಬುದು ಕುರುಡನಿಗೂ ಕಾಣುತ್ತದೆ. ಮತ್ತು ಒಂದು ಸಲಕ್ಕೆ ಒಂದೇ. ಬ್ರೇಸ್ ಹೈಟನ್ನೂ ಮೊನೆಯನ್ನೂ ಒಂದೇ ಸಂಜೆ ಬದಲಿಸಿ, ಮರುದಿನ ಯಾವುದರಿಂದ ಏನಾಯಿತೆಂದು ತಿಳಿಯದೆ ಕೂತವರಲ್ಲಿ ನಾನೂ ಒಬ್ಬ.

ಬಿಲ್ಲಿನ ಉಳಿದ ದೋಷಗಳ ಬಗ್ಗೆ ಎರಡು ಮಾತು ಸಾಕು. ಹೆದೆಯೇರಿಸಿದ ಬಿಲ್ಲನ್ನು ಹಿಂದಿನಿಂದ ನೋಡಿದಾಗ ಹೆದೆ ಎರಡೂ ಲಿಂಬುಗಳ ನಡುಗೆರೆಯ ಮೇಲೆ ಬರದಿದ್ದರೆ ಲಿಂಬು ತಿರುಚಿದೆ. ಕಾಲಿನ ನಡುವೆ ಸಿಕ್ಕಿಸಿ ಹೆದೆಯೇರಿಸುವುದೂ ಬಿಸಿಲಿಗೆ ನಿಂತ ಕಾರಿನೊಳಗೆ ಬಿಲ್ಲನ್ನು ಬಿಡುವುದೂ ಅದಕ್ಕೆ ಹಳೆಯ ಕಾರಣಗಳು, ಹೆದೆಯೇರಿಸಲೆಂದೇ ಇರುವ ಸ್ಟ್ರಿಂಗರ್ ಎಂಬ ಹಗ್ಗ ಬಳಸಿದರೆ ಅರ್ಧ ಅಪಾಯ ತಪ್ಪುತ್ತದೆ. ಶೆಲ್ಫಿನ ಮೇಲಿಂದ ಹೊಡೆಯುವವರು ಪ್ಲಾಸ್ಟಿಕ್ ವೇನ್ ಬಿಟ್ಟು ಹಕ್ಕಿಯ ಗರಿಯನ್ನೇ ಬಳಸಬೇಕು. ಗರಿ ತಾಗಿದರೆ ಮಡಿಸಿಕೊಂಡು ಹೋಗುತ್ತದೆ, ಪ್ಲಾಸ್ಟಿಕ್ ಒದೆಯುತ್ತದೆ.

ಇನ್ನು ನನ್ನ ಕಡೆಯ ಲೆಕ್ಕ. ಎಡದ ಆರೋಪದಿಂದ ನನ್ನ ಬೆರಳುಗಳು ಬಿಡುಗಡೆಯಾದವು ನಿಜ. ಬಾಣಗಳು ನಡುಗೆರೆಗೆ ಬಂದ ಮೇಲೆ ಇಷ್ಟು ದಿನ ಎಡದ ಗಲಾಟೆಯಲ್ಲಿ ಮರೆಯಾಗಿದ್ದ ಇನ್ನೊಂದು ಸಂಗತಿ ಕಾಣಿಸಿತು. ಗೊಂಚಲು ಅಡ್ಡಕ್ಕೆ ಕಿರಿದು, ಉದ್ದಕ್ಕೆ ಒಂದು ಗೇಣಿಗಿಂತ ಹೆಚ್ಚು. ಕೆಳಗೆ ಬಿದ್ದ ಬಾಣಗಳೆಲ್ಲ ಪ್ರತಿ ಸುತ್ತಿನ ಕೊನೆಯ ಎರಡೇ ಎಂದು ನೋಟ್‌ಬುಕ್ಕಿನ ಚುಕ್ಕೆಗಳು ಹೇಳಿದವು. ಅಂಕಿಗಳ ಕ್ರಮ ಬದಲಿಸಿ ಹೊಡೆದೆ, ಕೊನೆಯ ಎರಡು ಯಾವ ಬಾಣವಾದರೂ ಕೆಳಗೇ ಬಿದ್ದವು. ಸ್ನೇಹಿತನೊಬ್ಬನನ್ನು ಸುರಕ್ಷಿತವಾಗಿ ನನ್ನ ಪಕ್ಕದಲ್ಲಿ, ಸೆಳೆಯುವ ಗೆರೆಗಿಂತ ಹಿಂದೆ ನಿಲ್ಲಿಸಿ, ಬಾಣದ ಮೈಮೇಲೆ ಒಂದೊಂದು ಅರ್ಧ ಇಂಚಿಗೂ ಬಣ್ಣದ ಗೆರೆ ಎಳೆದು, ಬಿಡುವ ಕ್ಷಣದಲ್ಲಿ ಯಾವ ಗೆರೆ ಶೆಲ್ಫಿನ ಅಂಚಿನಲ್ಲಿತ್ತೆಂದು ನೋಡಲು ಹೇಳಿದೆ. ಮೊದಲ ನಾಲ್ಕು ಬಾಣಗಳಲ್ಲಿ ಕೆಂಪು ಗೆರೆ. ಐದನೆಯದರಲ್ಲಿ ನಾನು ಕೆಂಪಿಗೆ ಬಂದು, ಗುರಿಯನ್ನು ದಿಟ್ಟಿಸುತ್ತಿದ್ದಂತೆ ನನಗೇ ತಿಳಿಯದೆ ಮುಂದಕ್ಕೆ ಜಾರಿ, ಹಸಿರಿನಲ್ಲಿ ಬಿಟ್ಟೆ. ಅರ್ಧ ಇಂಚು. ಇಂಥ ಬಿಲ್ಲಿನಲ್ಲಿ ಸೆಳೆತದ ಕೊನೆಯ ಒಂದೊಂದು ಇಂಚಿಗೂ ಎರಡರಿಂದ ಮೂರು ಪೌಂಡ್ ವ್ಯತ್ಯಾಸ ಬರುತ್ತದೆ; ಅರ್ಧ ಇಂಚು ಕಳೆದುಕೊಂಡ ಬಾಣ ಕೆಳಗೆ ಬೀಳದೆ ಏನು ಮಾಡೀತು? ಅದೇ ಬಾಣ ಕಡಿಮೆ ತಳ್ಳಾಟದಿಂದಾಗಿ ಚೂರು ಗಡುಸಾಗಿಯೂ ವರ್ತಿಸುತ್ತದೆ, ಆದ್ದರಿಂದ ಕೆಳಗೂ ಎಡಕ್ಕೂ ಹೋಗುತ್ತದೆ.

ಈ ದೋಷಕ್ಕೆ ಹುರಿ ಹಾಕುವ ಹೆದೆಯಿಲ್ಲ, ಕತ್ತರಿಸುವ ಉದ್ದವಿಲ್ಲ. ಸುತ್ತಿಗೆ ಆರರ ಬದಲು ನಾಲ್ಕೇ ಬಾಣ ಬಿಡುತ್ತಿದ್ದೇನೆ, ಬೆನ್ನಿನ ಸ್ನಾಯು ದಣಿಯುವ ಮುಂಚೆ ನಿಲ್ಲಿಸುತ್ತೇನೆ, ಬೆರಳು ಬಾಯಿಯ ಮೂಲೆಗೆ ತಾಗಿದ ಮೇಲೆ ಕಾಯದೆ ಸೆಳೆತ ಮುಂದುವರಿಯುತ್ತಿರುವಾಗಲೇ ಬಿಡಲು ಕಲಿಯುತ್ತಿದ್ದೇನೆ. ನಿನ್ನೆಯ ಪುಟದಲ್ಲಿ ಇಪ್ಪತ್ತನಾಲ್ಕು ಚುಕ್ಕೆಗಳಲ್ಲಿ ಮೂರು ಕೆಳಗಿವೆ. ಪಕ್ಕದಲ್ಲಿ ಆ ಮೂರಕ್ಕೂ 'ಹಸಿರು' ಎಂದು ಸ್ನೇಹಿತನ ಕೈಬರಹದಲ್ಲಿದೆ.